ಅಂಗಾಲ ಹುಣ್ಣಿಗೆ ಕನ್ನಡಿ

ಆತನಿಗೆ ಹೆತ್ತವರಿಟ್ಟ ಹೆಸರೊಂದು ಇತ್ತು. ಅದು ಕರೆಂಟಿನ ಬಿಲ್ಲಿನ ಮೇಲೆ ಮಾತ್ರ ಬದುಕಿಕೊಂಡಿತ್ತು. ಬೀದಿಗೆಲ್ಲ ಆತ ಅಂಗಾಲಪ್ಪ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಕಾಲು ನೋಡುವ ಆಸಾಮಿ. ಒಮ್ಮೆ ಹೆಂಡತಿಯ ಅಣ್ಣ ಮದುವೆ ಮನೆಯೊಂದರಲ್ಲಿ ನಮಸ್ಕಾರ ಎಂದಾಗ ಯಾರಿರಬಹುದೆಂದು ತಡವರಿಸಿ, ಕೆಳಗೆ ಕಣ್ಣು ಹಾಯಿಸಿ, ಒಳಕ್ಕೆ ವಾಲಿದ ಎಡಗಾಲ ಹೆಬ್ಬೆರಳನ್ನು ಕಂಡ ಮೇಲಷ್ಟೇ "ಓಹೋ, ಭಾವ!" ಎಂದು ತಬ್ಬಿಕೊಂಡಿದ್ದ. "ನಮ್ಮಣ್ಣ ಅವತ್ತು ಬೂಟು ಹಾಕ್ಕೊಂಡು ಬಂದಿದ್ರೆ ನನ್ನ ತವರಿನ ಸಂಬಂಧಾನೇ ಕಡಿದು ಹೋಗ್ತಿತ್ತು" ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಆತನ ಕಸುಬು ಚಪ್ಪಲಿ ಹೊಲಿಯುವುದು. ಆದರೆ ನಮ್ಮ ನಿಮ್ಮಂಥವರ ಕಾಲಿಗಲ್ಲ. ಸಕ್ಕರೆ ಕಾಯಿಲೆ ಹಳೆಯದಾಗಿ ಸ್ಪರ್ಶ ಸತ್ತುಹೋದ ಕಾಲುಗಳಿಗೆ. ಅಂಥ ಕಾಲುಗಳು ಸಾಧು ಸ್ವಭಾವದವು. ಚಪ್ಪಲಿ ಕಚ್ಚಿದರೂ ಅನ್ನುವುದಿಲ್ಲ, ಮೊಳೆ ಚುಚ್ಚಿದರೂ ಆಡುವುದಿಲ್ಲ. ಮಾತಾಡುವ ಹೊತ್ತಿಗೆ ಕೀವು ಮಾತಾಡಿರುತ್ತದೆ. ಅದಕ್ಕೇ ಅಂಗಾಲಪ್ಪ ಬಂದವರನ್ನು ಬಿಳಿ ಹಾಳೆಯ ಮೇಲೆ ಕಾರ್ಬನ್ ಕಾಗದ ಹಾಸಿ ಅದರ ಮೇಲೆ ನಡೆಸುತ್ತಿದ್ದ. ಎಲ್ಲಿ ಭಾರ ಹೆಚ್ಚೋ ಅಲ್ಲಿ ಕಪ್ಪು ಹೆಚ್ಚು. ಆ ಕಪ್ಪಿದ್ದಲ್ಲಿ ಅಟ್ಟೆಯ ರಬ್ಬರನ್ನು ಕೆತ್ತಿ ಕುಳಿ ಮಾಡಬೇಕು. ಹೊಲಿಗೆ ಮುಗಿದ ಮೇಲೆ ಚಪ್ಪಲಿಯ ಒಳಗನ್ನು ಬೆರಳಿನಿಂದ ತಡವುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ದಬ್ಬಳ ಹಿಡಿದ ಬೆರಳುಗಳಿಗೂ ರೋಗಿಯ ಕಾಲಿಗೂ ಅಂಥ ವ್ಯತ್ಯಾಸವೇನೂ ಉಳಿದಿರಲಿಲ್ಲ. ಹಸುಗೂಸಿನ ನೀರಿನ ಬಿಸಿ ನೋಡುವ ತಾಯಿಯಂತೆ ಮುಂಗೈಯ ಒಳಭಾಗವನ್ನು ಒತ್ತಿ, ಕಣ್ಣು ಮುಚ್ಚಿ, ಒಂದೊಂದು ಹೊಲಿಗೆಯನ್ನೂ ಕೇಳಿಸಿಕೊಳ್ಳುತ್ತಿದ್ದ. ಮುಂಗೈಗೆ ಒಂದು ನೂಲು ತಗುಲಿದರೂ ಜೋಡಿ ಬಿಚ್ಚಿ ಮೊದಲಿನಿಂದ.

ಇದನ್ನೆಲ್ಲ ಆತ ಕಲಿತದ್ದು ಅಕ್ಕನಿಗಾಗಿ. ಹನ್ನೊಂದು ವರ್ಷದ ಹಿಂದೆ ಅಕ್ಕನ ಬಲಗಾಲಿನ ಎರಡು ಬೆರಳು ಹೋದವು. ಆಸ್ಪತ್ರೆಯ ಗಾಯದ ವಾರ್ಡಿನ ಡಾಕ್ಟರಮ್ಮ ಆತನನ್ನು ಕೂರಿಸಿಕೊಂಡು, ಕಾಲಿನ ಚಿತ್ರ ಬರೆದು, ಎಲ್ಲಿ ಕೆತ್ತಬೇಕು, ಎಲ್ಲಿ ತುಂಬಬೇಕು ಎಂದು ತೋರಿಸಿಕೊಟ್ಟರು. ಅಕ್ಕನ ಕಾಲು ಉಳಿಯಿತು. ಆಮೇಲೆ ಡಾಕ್ಟರಮ್ಮ ಚೀಟಿ ಬರೆದು ಬೇರೆಯವರನ್ನೂ ಕಳಿಸತೊಡಗಿದರು. ಎಂಟಡಿ ಅಗಲ, ಹನ್ನೊಂದಡಿ ಉದ್ದದ ಅಂಗಡಿಯ ಮೇಲೆ 'ಸಕ್ಕರೆ ಕಾಯಿಲೆಯವರ ಪಾದರಕ್ಷೆ' ಎಂಬ ಬೋರ್ಡು ಬಂತು. ಗೋಡೆಯ ಮೇಲೆ ಅರವತ್ತೆರಡು ಜನರ ಕಪ್ಪು ಹೆಜ್ಜೆಗಳು ಬಂದವು.

ಅಕ್ಕ ಮದುವೆಯಾಗಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟಾಗಿದ್ದು, ತಮ್ಮನನ್ನು ಓದಿಸಲು ನೋಡಿ ಸೋತು, ನಿವೃತ್ತಳಾಗಿ, ಆತನ ಮನೆಯ ಮಹಡಿ ಕೋಣೆಯಲ್ಲಿದ್ದಳು. ಸುತ್ತೋಲೆ, ತಿದ್ದುಪಡಿ, ಅನುಬಂಧಗಳನ್ನು ಟೈಪು ಮಾಡಿ ಮಾಡಿ ಆಕೆಗೆ ಸರ್ಕಾರವೆಂದರೆ ಹುಟ್ಟಿದ ಮನೆಯಂತೆ. ಬೇರೆಯವರು ಬೈದರೆ ಸಹಿಸುತ್ತಿರಲಿಲ್ಲ. ಆ ಟೈಪು ಮಾಡುವ ಕಾಲದ ಕಾರ್ಬನ್ ಕಾಗದದ ಉಳಿಕೆಯೇ ಆತನ ಅಂಗಡಿಗೆ ಬರುತ್ತಿದ್ದದ್ದು. ಅದನ್ನು ಕೂಡ ಆಕೆ ಕಚೇರಿಯಿಂದ ತಂದದ್ದಲ್ಲ, ನಿವೃತ್ತಿಯ ದಿನ ಅರ್ಜಿ ಕೊಟ್ಟು ಪಡೆದದ್ದು.

ದಿನಾ ಬೆಳಿಗ್ಗೆ ಆತ ಮಹಡಿ ಹತ್ತಿ, ಅಕ್ಕನ ಕಾಲನ್ನು ಮಣೆಯ ಮೇಲಿಟ್ಟು, ಹಿಡಿಕೆಯ ಕನ್ನಡಿಯನ್ನು ಅಂಗಾಲ ಕೆಳಗೆ ಹಿಡಿಯುತ್ತಿದ್ದ. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರಲ್ಲ, ಆ ಗಾದೆ ಮಾಡಿದೋನಿಗೆ ಅಂಗಾಲಲ್ಲಿ ಹುಣ್ಣಾಗಿರಲಿಲ್ಲ ನೋಡಕ್ಕ" ಎನ್ನುವುದು ಆತನ ನಿತ್ಯದ ನಗೆಮಾತು. ಅಕ್ಕ ನಿತ್ಯ ನಗುತ್ತಿರಲಿಲ್ಲ.

ಹೀಗಿರುವಾಗ ಪಾದೋಪಕರಣ ನಿಯಂತ್ರಣ ಪ್ರಾಧಿಕಾರ ಎಂಬಲ್ಲಿಂದ ನಲವತ್ತು ಪುಟದ ನೋಟೀಸು ಬಂತು. ಪ್ರಾಧಿಕಾರ ಹುಟ್ಟಿದ್ದೇ ಹಿಂದಿನ ತಿಂಗಳು. ಎಲ್ಲೋ ಒಬ್ಬ ಹಳೆ ಟೈರು ಕತ್ತರಿಸಿ ಔಷಧಿ ಚಪ್ಪಲಿ ಎಂದು ಮಾರಿ ನಾಲ್ಕಾರು ಜನರ ಕಾಲು ಕೆಡಿಸಿದ್ದನಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇನ್ನು ಮುಂದೆ ಇಂಥ ಚಪ್ಪಲಿ ಚಪ್ಪಲಿಯಲ್ಲ, 'ಚಿಕಿತ್ಸಾ ಪಾದೋಪಕರಣ'. ಅದನ್ನು ಮಾಡುವವನಿಗೆ ಪರವಾನಗಿ ಬೇಕು.

ಅಕ್ಕ ಕನ್ನಡಕ ಹಾಕಿಕೊಂಡು ಓದತೊಡಗಿದಳು. ಓದುವಾಗ ಆಕೆಯ ದನಿಯೇ ಬದಲಾಯಿತು. ಗೋಡೆಗೆ ಎದೆಯೆತ್ತರದವರೆಗೆ ಟೈಲ್ಸು. ಮೊಣಕೈಯಿಂದ ತಿರುಗಿಸುವ ನಲ್ಲಿ. ದಿನಕ್ಕೆರಡು ಸಲ ಕೋಣೆಯ ಉಷ್ಣಾಂಶದ ದಾಖಲೆ. ಒಳಬರಲು ಒಂದು ಬಾಗಿಲು, ಹೊರಹೋಗಲು ಇನ್ನೊಂದು.

"ಇನ್ನೊಂದು ಬಾಗಿಲು ಎಲ್ಲಿ ಇಡ್ಲಿ? ಪಕ್ಕದ ಗೋಡೆ ದಾಟಿದ್ರೆ ಕ್ಷೌರದಂಗಡಿ" ಎಂದ ಅಂಗಾಲಪ್ಪ.

ಪಕ್ಕದ ಕ್ಷೌರದಂಗಡಿಯವನಿಗೆ ವಿಷಯ ತಿಳಿದು ಬಲು ಖುಷಿಯಾಯಿತು. "ಒಡೀರಿ ಅಣ್ಣಾ, ಒಡೀರಿ. ನಿಮ್ಮಲ್ಲಿ ಕಾಲು ಕೊಟ್ಟೋರು ನನ್ನಲ್ಲಿ ತಲೆ ಕೊಟ್ಟು ಹೋಗ್ಲಿ. ನಡುವಿನ ಭಾಗಕ್ಕೆ ಯಾರಾದ್ರೂ ದರ್ಜಿ ಹುಡುಕೋಣ."

ಅಂಗಾಲಪ್ಪನಿಗೆ ನಗು ಬರಲಿಲ್ಲ. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಕ್ಕ" ಎಂದ.

"ನೀನು ಹೆದರಬೇಡ ತಮ್ಮಾ. ನಿಯಮ ಒಳ್ಳೇದಕ್ಕೇ ಇರೋದು. ಸರಿಯಾಗಿ ಅರ್ಜಿ ಬರೆದ್ರೆ ಸರ್ಕಾರ ಯಾರನ್ನೂ ಕೈಬಿಡಲ್ಲ. ಕೈಬಿಟ್ಟೋರನ್ನ ನೋಡು, ಅರ್ಜೀಲಿ ಏನೋ ತಪ್ಪಿರುತ್ತೆ" ಎಂದು ಅಕ್ಕ ಹೊಸ ಪೆನ್ನು ತೆಗೆದಳು.

ಎರಡು ದಿನ ಕೂತು ಬರೆದಳು. ಮುತ್ತಿನಂಥ ಅಕ್ಷರ. ಯಾವ ಕಲಮನ್ನೂ ಖಾಲಿ ಬಿಡಲಿಲ್ಲ. ಕಲಂ ಹದಿನೇಳು ಕೇಳಿತ್ತು: 'ಈ ದಿನಾಂಕದಂದು ತಯಾರಿಕೆಯಲ್ಲಿರುವ ಉಪಕರಣಗಳ ಸಂಖ್ಯೆ'. ಬೇರೆ ಯಾರೇ ಆಗಿದ್ದರೂ ಅಲ್ಲೊಂದು ಸೊನ್ನೆ ಸುತ್ತಿ ಮುಂದೆ ಹೋಗುತ್ತಿದ್ದರು. ಅಕ್ಕ ಬರೆದಳು: 'ಒಂದು ಜೋಡಿ. ಅರ್ಜಿದಾರರ ಹಿರಿಯ ಸಹೋದರಿಗಾಗಿ. ಬಲಗಾಲಿನದು ಮುಗಿದಿದೆ, ಎಡಗಾಲಿನದಕ್ಕೆ ಪಟ್ಟಿ ಹೊಲಿಯುವುದು ಬಾಕಿ.'

ಅಂಗಾಲಪ್ಪ ಓದದೆ ಸಹಿ ಹಾಕಿದ. ಅಕ್ಕ ಬರೆದದ್ದನ್ನು ಓದುವುದು ಮರ್ಯಾದೆಯಲ್ಲ ಎಂದು ಆತನ ಭಾವನೆ.

ಹದಿನೈದನೆಯ ದಿನಕ್ಕೆ ಪ್ರಾಧಿಕಾರದ ಒಬ್ಬ ನೌಕರ ಬಂದ. ಕೈಯಲ್ಲಿ ಆದೇಶ, ಬಟ್ಟೆ ಚೀಲ, ಅರಗು. ಪರವಾನಗಿಗೆ ಮೊದಲೇ ಉಪಕರಣ ತಯಾರಿಸುತ್ತಿರುವುದಾಗಿ ಅರ್ಜಿದಾರನೇ ಒಪ್ಪಿಕೊಂಡಿರುವುದರಿಂದ, ತಪಾಸಣೆ ಮುಗಿಯುವವರೆಗೆ ತಯಾರಿಕೆ ನಿಲ್ಲಿಸತಕ್ಕದ್ದು. ಸದರಿ ಜೋಡಿಯನ್ನು ಮುದ್ರೆ ಹಾಕಿ ಇಡತಕ್ಕದ್ದು. ಪೂರ್ತಿಯಾಗಿದ್ದ ಬಲಗಾಲಿನದೂ, ಪಟ್ಟಿಯಿಲ್ಲದ ಎಡಗಾಲಿನದೂ ನೌಕರನ ಚೀಲದೊಳಗೆ ಹೋದವು. ಅರಗು ಕರಗಿಸಲು ಬೆಂಕಿಪೊಟ್ಟಣ ತಂದಿರಲಿಲ್ಲ, ಅಂಗಾಲಪ್ಪನೇ ಕೊಟ್ಟ.

"ತಪಾಸಣೆ ಯಾವಾಗ ಸಾರ್?"

"ಸರದಿ ಪ್ರಕಾರ."

"ಸರದೀಲಿ ನನ್ನ ಮುಂದೆ ಎಷ್ಟು ಜನ ಇದ್ದಾರೆ?"

"ಜನ ಲೆಕ್ಕ ಇಲ್ಲ. ಇನ್‌ಸ್ಪೆಕ್ಟರ್ ಮಾತ್ರ ಒಬ್ರೇ."

ಅಂಗಾಲಪ್ಪನ ಚಿಂತೆ ಅಂಗಡಿಯದಲ್ಲ. ಅಕ್ಕನ ಹಳೆಯ ಜೋಡಿಯ ಅಟ್ಟೆ ಹಪ್ಪಳವಾಗಿತ್ತು. ಕೆತ್ತಿದ ಕುಳಿಗಳೆಲ್ಲ ಸಪಾಟಾಗಿದ್ದವು. ಡಾಕ್ಟರಮ್ಮ ಹಿಂದೆಯೇ ಎಚ್ಚರಿಸಿದ್ದರು: ಇನ್ನೊಂದು ಹುಣ್ಣಾದರೆ ಬೆರಳಿಗೆ ನಿಲ್ಲುವುದಿಲ್ಲ, ಪಾದವೇ ಹೋಗುತ್ತದೆ. ಅಕ್ಕನನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದ.

ಡಾಕ್ಟರಮ್ಮ ಹಳೆಯ ಚಪ್ಪಲಿಯನ್ನು ಬಗ್ಗಿಸಿ ನೋಡಿ ಪಕ್ಕಕ್ಕಿಟ್ಟರು. "ಇದನ್ನ ಇನ್ನು ಹಾಕಬಾರದು. ಆದ್ರೆ ನಿಮ್ಮ ಹೆಸರಿಗೆ ನಾನು ಚೀಟಿ ಬರೆಯೋ ಹಾಗೂ ಇಲ್ಲ ಕಣ್ರೀ. ಪರವಾನಗಿ ಇಲ್ಲದೋರ ಹತ್ರ ಕಳಿಸಿದ್ರೆ ನನ್ನ ನೋಂದಣಿಗೇ ಕುತ್ತು."

"ಮತ್ತೆ ಏನ್ ಮಾಡೋದು ಡಾಕ್ಟ್ರೇ?"

"ಸರ್ಕಾರದ್ದೇ ಬಂದಿದೆ. ಹನ್ನೊಂದು ಸಾವಿರ ಜೋಡಿ, ಒಂದೇ ಸಲ." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಉಗ್ರಾಣ ಸಾಲಲಿಲ್ಲ ಅಂತ ವ್ಯಾಯಾಮದ ಕೋಣೇಲೂ ತುಂಬಿದಾರೆ. ರೋಗಿಗಳು ನಡೆಯೋದು ಕಲಿಯೋ ಜಾಗದಲ್ಲಿ ಚಪ್ಪಲಿಗಳು ಕೂತಿವೆ. ಈ ವರ್ಷದ ಬ್ಯಾಂಡೇಜಿನ ದುಡ್ಡೂ ಅದಕ್ಕೇ ಹೋಯ್ತು. ಗಾಯ ಕಟ್ಟೋಕೆ ಬಟ್ಟೆ ನೀವೇ ತರಬೇಕು."

ಚಿಕ್ಕದು, ನಡುವಿನದು, ದೊಡ್ಡದು: ಮೂರೇ ಅಳತೆ. ಅಕ್ಕನ ಬಲಗಾಲು ಚಿಕ್ಕದಕ್ಕೆ ದೊಡ್ಡದು, ನಡುವಿನದಕ್ಕೆ ಚಿಕ್ಕದು. ನಡುವಿನದು ಕೊಟ್ಟರು. 'ಸ್ವೀಕರಿಸಿದ್ದೇನೆ, ತೃಪ್ತಳಾಗಿದ್ದೇನೆ' ಎಂಬ ಕಾಗದಕ್ಕೆ, ಚಪ್ಪಲಿ ಡಬ್ಬಿಯಿಂದ ಹೊರಬರುವ ಮೊದಲೇ ಸಹಿ. ಅಂಗಾಲಪ್ಪ ಅಲ್ಲೇ ಬಾಗಿ ತನ್ನ ಮುಂಗೈ ಒಳಗೆ ತೂರಿಸಿದ. ಹೆಬ್ಬೆರಳ ಬುಡಕ್ಕೆ ಸರಿಯಾಗಿ ಎರಡು ರಬ್ಬರ್ ಹಾಳೆ ಸೇರಿದ ಅಂಚು, ದಪ್ಪಕ್ಕೆ, ಬಿದ್ದ ಬರೆಯಂತೆ.

"ಅಕ್ಕ, ಇದು ಬೇಡ."

"ಯಾಕೆ ಬೇಡ? ಹನ್ನೊಂದು ಸಾವಿರ ಜನಕ್ಕೆ ಆಗುತ್ತೆ, ನಂಗೊಬ್ಬಳಿಗೆ ಆಗಲ್ವಾ? ಅಷ್ಟು ಓದಿದೋರು ಕೂತು ಮಾಡ್ಸಿರ್ತಾರೆ."

"ಓದಿದೋರ ಕಾಲಿನ ಅಳತೆ ತಗೊಂಡಿರಬೇಕು."

"ನಿಂಗೆ ಹೊಟ್ಟೆಕಿಚ್ಚು" ಎಂದು ಅಕ್ಕ ಹೊಸ ಚಪ್ಪಲಿ ಹಾಕಿಕೊಂಡು, ಟಪ್ ಟಪ್ ಎನ್ನಿಸುತ್ತ ಆಸ್ಪತ್ರೆಯ ಮೆಟ್ಟಿಲಿಳಿದಳು.

ಅಂದಿನಿಂದ ಅಂಗಾಲಪ್ಪ ಬೆಳಿಗ್ಗೆ ಮಾತ್ರವಲ್ಲ, ಮಧ್ಯಾಹ್ನವೂ ಸಂಜೆಯೂ ಕನ್ನಡಿ ಹಿಡಿದು ಮಹಡಿ ಹತ್ತಿದ. ಅಂಗಡಿಯಲ್ಲಿ ಮಾಡಲು ಕೆಲಸವಿಲ್ಲ. ಗೋಡೆಯ ಮೇಲಿನ ಕಾಲುಗಳನ್ನು ನೋಡುತ್ತ ಕೂರುವುದು, ಎದ್ದು ಬರುವುದು. "ಇದೇನು, ಅತ್ತಿಗೆ ಕಾಲನ್ನ ಗಡಿಯಾರದ ಹಾಗೆ ನೋಡ್ತೀರಿ" ಎಂದು ಹೆಂಡತಿ ಗೊಣಗಿದಳು. ಆದರೆ ಆತ ಕೆಳಗಿಳಿದಾಗಲೆಲ್ಲ ಒಲೆಯ ಮುಂದಿನಿಂದ ಮೊದಲು ಕೇಳುತ್ತಿದ್ದವಳೂ ಆಕೆಯೇ: "ಏನಾದ್ರೂ ಇದೆಯಾ?"

ಮೂರನೆಯ ದಿನ ಇತ್ತು. ಹೆಬ್ಬೆರಳ ಬುಡದಲ್ಲಿ, ತೊಗರಿಕಾಳಿನಷ್ಟು ಕೆಂಪು.

"ಕನ್ನಡಿ ಒರೆಸು. ಅದು ಕನ್ನಡೀದು" ಎಂದಳು ಅಕ್ಕ.

ಒರೆಸಿದ. ಕೆಂಪು ಹೋಗಲಿಲ್ಲ.

ಪ್ರಾಧಿಕಾರದ ಕಚೇರಿಗೆ ಹೋದ. ಅದು ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು; ಬಾಡಿಗೆಗೆ ತೆಗೆದುಕೊಂಡ ಕಟ್ಟಡ. ಒಂದೇ ಬಾಗಿಲು. ಮೊಣಕೈ ನಲ್ಲಿಯ ಮಾತಿರಲಿ, ನಲ್ಲಿಯಲ್ಲಿ ನೀರಿರಲಿಲ್ಲ. ಕಿಟಕಿಯ ಹಿಂದಿದ್ದವನು ಕಡತ ಹುಡುಕಿ, "ನಿಮ್ಮ ಅರ್ಜಿ ಬಹಳ ಚೆನ್ನಾಗಿದೆ. ಇಷ್ಟು ಪೂರ್ತಿಯಾಗಿ ತುಂಬಿದ ಅರ್ಜಿ ನಾವು ನೋಡೇ ಇಲ್ಲ. ಎಲ್ರೂ ನೋಡ್ಲಿ ಅಂತ ಮಾದರಿಗೆ ಇಟ್ಕೊಂಡಿದೀವಿ" ಎಂದ.

"ಹಾಗಾದ್ರೆ ಬೇಗ ಬರ್ತಾರಾ ಸಾರ್?"

"ಮಾದರಿ ಕಡತ ಸರದೀಲಿ ಇರಲ್ಲ. ಬೇರೆ ಕಪಾಟಲ್ಲಿ ಇರುತ್ತೆ."

ಆತ ಏನೇನು ಹೇಳಿ ಅದನ್ನು ಮರಳಿ ಸರದಿಗೆ ಹಾಕಿಸಿದನೋ ಆತನಿಗೇ ನೆನಪಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದ: "ಅಡುಗೆಮನೆಯ ಈ ಮೂಲೆ ನಂಗೆ ಬಿಡು. ಇಲ್ಲೇ ಕೂತು ಹೊಲೀತೀನಿ. ಏನಾಗುತ್ತೋ ಆಗ್ಲಿ." ಹೆಂಡತಿ ಡಬ್ಬಿಗಳನ್ನು ಸರಿಸಿ ಜಾಗ ಮಾಡಿದಳು. ಅಡ್ಡ ಬಂದದ್ದು ಅಕ್ಕನೇ. ಮಹಡಿಯಿಂದಲೇ ಕೂಗಿದಳು:

"ರಬ್ಬರಿನ ವಾಸನೆ ಬರ್ತಿದೆ! ಏನ್ ಮಾಡ್ತಿದೀಯ?"

"ಏನಿಲ್ಲಕ್ಕ."

"ಆದೇಶ ಇದೆ ತಮ್ಮಾ. ನೀನು ಮಾಡಿದ್ರೂ ನಾನು ಹಾಕ್ಕೊಳ್ಳಲ್ಲ. ಮೂವತ್ತೊಂದು ವರ್ಷ ಆದೇಶ ಟೈಪ್ ಮಾಡಿದ ಕೈ ಇದು. ಕದ್ದ ಚಪ್ಪಲೀಲಿ ನಡೆಯೋದಕ್ಕಿಂತ ಕೂತಿರ್ತೀನಿ."

"ಕೂತ್ಕೋ ಹಾಗಾದ್ರೆ! ಕೆಳಗೆ ಕಾಲಿಡಬೇಡ!" ಎಂದು ಆತ ಬದುಕಿನಲ್ಲಿ ಮೊದಲ ಸಲ ಅಕ್ಕನ ಮೇಲೆ ರೇಗಿದ.

ಆದರೆ ಎಷ್ಟಾದರೂ ಮನುಷ್ಯರು, ಬಚ್ಚಲಿಗಾದರೂ ನಡೆಯಲೇಬೇಕು. ಎಂಟನೆಯ ದಿನ ಬೆಳಿಗ್ಗೆ ಕನ್ನಡಿಯಲ್ಲಿ ತೊಗರಿಕಾಳು ಇರಲಿಲ್ಲ. ಅಲ್ಲಿ ಹಸಿ ಬಾಯೊಂದು ತೆರೆದಿತ್ತು. ಚಪ್ಪಲಿಯ ಒಳಗೆ ಕಲೆ. ಅಕ್ಕನಿಗೆ ನೋವೆಂಬುದೇ ಇರಲಿಲ್ಲ. ಆತನಿಗೆ ಮಾತ್ರ ತನ್ನ ಅಂಗಾಲೇ ಉರಿದಂತಾಯಿತು.

ಡಾಕ್ಟರಮ್ಮ ತೊಳೆದು, ಮನೆಯಿಂದ ತಂದ ಬಟ್ಟೆ ಕಟ್ಟಿ, ಅಕ್ಕನಿಗೆ ಕೇಳಿಸದಂತೆ ಹೇಳಿದರು: "ಎಲುಬಿಗೆ ಇಳಿದಿಲ್ಲ. ಇನ್ನೂ ಸಮಯ ಇದೆ. ಆದ್ರೆ ಬಹಳ ಇಲ್ಲ. ಸರಿಯಾದ ಅಟ್ಟೆ ಸಿಗದಿದ್ರೆ ಬರೋ ತಿಂಗಳು ನಾನು ಬೇರೆ ಮಾತು ಹೇಳಬೇಕಾಗುತ್ತೆ."

ಅಕ್ಕ ಕಿವುಡಿಯಲ್ಲ. ಮನೆಗೆ ಬಂದವಳೇ ಕಾಲನ್ನು ದಿಂಬಿನ ಮೇಲಿಟ್ಟು, ನಲವತ್ತು ಪುಟದ ನೋಟೀಸನ್ನು ಮೊದಲ ಪುಟದಿಂದ ಮತ್ತೆ ಓದತೊಡಗಿದಳು. ಮಧ್ಯಾಹ್ನದ ಊಟ ಬಂದು ಆರಿತು. ನಾಲ್ಕು ಗಂಟೆಗೆ ಕರೆದಳು.

"ಪುಟ ಮೂವತ್ತೊಂದು, ಕೆಳಗಿನ ಟಿಪ್ಪಣಿ. 'ವೈದ್ಯರ ಚೀಟಿಯ ಮೇಲೆ, ಅಥವಾ ಚಿಕಿತ್ಸೆಗೆಂದು ಬೋರ್ಡು ಹಾಕಿ ತಯಾರಿಸಿದ್ದು ಮಾತ್ರ ಉಪಕರಣ.' ಚೀಟಿ ಇಲ್ಲ, ಬೋರ್ಡಿಲ್ಲ, ಅರ್ಜಿ ಇಲ್ಲ ಅಂದ್ರೆ ಅದು ಬರೀ ಚಪ್ಪಲಿ. ಬರೀ ಚಪ್ಪಲಿಗೆ ಯಾರ ಅಪ್ಪಣೇನೂ ಬೇಡ."

"ಅಂದ್ರೆ?"

"ಅರ್ಜಿ ಇರೋವರೆಗೆ ನಾವೇ ಅದನ್ನ ಉಪಕರಣ ಅಂತ ಒಪ್ಕೊಂಡ ಹಾಗೆ, ಅದನ್ನ ವಾಪಸ್ ತಗೋಬೇಕು. ಬೋರ್ಡು ಇಳಿಸ್ಬೇಕು. ಆಗ ನಾಳೇನೇ ನೀನು ಹೊಲೀಬಹುದು, ನಾನು ಹಾಕ್ಕೋಬಹುದು. ಕದ್ದು ಅಲ್ಲ, ನಿಯಮದ ಪ್ರಕಾರವೇ." ಅಕ್ಕ ಕನ್ನಡಕ ತೆಗೆದಳು. "ಆದ್ರೆ ಒಂದ್ಸಲ ವಾಪಸ್ ತಗೊಂಡ್ರೆ ಮೂರು ವರ್ಷ ಮತ್ತೆ ಅರ್ಜಿ ಹಾಕೋ ಹಾಗಿಲ್ಲ. ಡಾಕ್ಟರಮ್ಮ ಯಾರನ್ನೂ ನಿನ್ನ ಹತ್ರ ಕಳಿಸೋ ಹಾಗಿಲ್ಲ. ನೀನಾಗಿ ಇದು ಕಾಯಿಲೆ ಕಾಲಿಗೆ ಅಂತ ಯಾರಿಗೂ ಹೇಳೋ ಹಾಗಿಲ್ಲ."

ಅಂಗಾಲಪ್ಪ ಕಿಟಕಿಯ ಹೊರಗೆ ನೋಡಿದ. ಗೋಡೆಯ ಮೇಲಿನ ಅರವತ್ತೆರಡು ಜನ ಹೇಗೋ ಹುಡುಕಿಕೊಂಡು ಬಂದಾರು. ಅರವತ್ತಮೂರನೆಯವನು? ಇನ್ನೂ ಕಾಯಿಲೆಯೇ ತಿಳಿಯದೆ ಎಲ್ಲೋ ನಡೆದಾಡಿಕೊಂಡಿರುವವನು?

"ಇನ್ನೊಂದು ಹದಿನೈದು ದಿನ ಕಾದು ನೋಡೋಣ್ವಾ ಅಕ್ಕ? ತಪಾಸಣೆ ಆಗಿಬಿಟ್ರೆ ಎಲ್ರಿಗೂ..."

ಆತ ಅಕ್ಕನ ಕಾಲಿನ ಕಡೆ ತಿರುಗಿದ. ದಿಂಬಿನ ಮೇಲಿನ ಕಟ್ಟಿನ ಅಂಚಿನಲ್ಲಿ ಬೆಳಿಗ್ಗೆ ಇಲ್ಲದ ಹಳದಿ ಕಾಣುತ್ತಿತ್ತು.

"ಬರಿ ಅಕ್ಕ" ಎಂದ.

ಅಕ್ಕ ಬರೆದಳು. ಪ್ರಾಧಿಕಾರದ ನಮೂನೆಯಲ್ಲಿ 'ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ' ಎಂದು ಕೈಯಿಂದ ಬರೆಯಬೇಕೆಂದಿತ್ತು. ಅಲ್ಲಿಗೆ ಬಂದಾಗ ಪೆನ್ನು ನಿಂತಿತು. "ಇದು ಸುಳ್ಳು" ಎಂದಳು, ತನಗೇ ಎಂಬಂತೆ. ಆಮೇಲೆ ಪೆನ್ನನ್ನು ಆತನ ಕೈಗೆ ಕೊಟ್ಟಳು. "ಈ ಒಂದು ಸಾಲು ನೀನೇ ಬರಿ. ನನ್ನ ಅಕ್ಷರದಲ್ಲಿ ಬೇಡ."

ಆತ ಕಾಗೆಕಾಲಿನಂಥ ತನ್ನ ಅಕ್ಷರದಲ್ಲಿ ಬರೆದ. ಸಂಜೆಯೊಳಗೆ ಕ್ಷೌರದಂಗಡಿಯವನ ಏಣಿ ತಂದು ಬೋರ್ಡು ಇಳಿಸಿದ. ಮರುದಿನ ಅರ್ಜಿ ರದ್ದಾಯಿತೆಂಬ ಹಿಂಬರಹದೊಂದಿಗೆ ಮುದ್ರೆಯ ಚೀಲವೂ ವಾಪಸು ಬಂತು. ಗಾಯಕ್ಕೆ ತಕ್ಕಂತೆ ಬಲಗಾಲಿನ ಅಟ್ಟೆಯನ್ನು ಮತ್ತೆ ಕೆತ್ತಿ, ಎಡಗಾಲಿಗೆ ಪಟ್ಟಿ ಹೊಲಿದು, ಮುಂಗೈ ಒತ್ತಿದ. ನಂಬಿಕೆ ಬರಲಿಲ್ಲ. ಬಿಚ್ಚಿದ. ಮೂರನೆಯ ಸಲ ಹೊಲಿದ ಮೇಲೆ ಅಕ್ಕನ ಕಾಲಿಗೆ ತೊಡಿಸಿದ.

ಹತ್ತು ದಿನ ಕಳೆದಿರಲಿಲ್ಲ, ಇನ್‌ಸ್ಪೆಕ್ಟರು ಬಂದರು. ಮೂವತ್ತರ ಹರೆಯದ ಹೆಣ್ಣುಮಗಳು, ಬಿಸಿಲಿಗೆ ಬೆವೆತು, ಹೆಗಲಿಗೆ ಚೀಲ. ಸರದಿಯಲ್ಲಿ ಹೆಸರು ಬಂದಿದ್ದರಿಂದ, ಅರ್ಜಿ ವಾಪಸಾಗಿದ್ದರೂ ತಪಾಸಣೆ ಆಗಲೇಬೇಕಂತೆ; ಉಪಕರಣ ಇಲ್ಲವೆಂಬುದನ್ನು ಕಣ್ಣಾರೆ ಕಂಡು ಬರೆಯಬೇಕಂತೆ. ಅಂಗಡಿ ಅಳೆದರು. ಒಳಗಿನ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಇನ್‌ಸ್ಪೆಕ್ಟರ ಕಣ್ಣು ಆಕೆಯ ಕಾಲಿಗೆ ಬಿತ್ತು. ಅಕ್ಕ ಸುಳ್ಳು ಹೇಳುವವಳಲ್ಲ. ಕಲಂ ಹದಿನೇಳನ್ನು ತುಂಬಿದವಳು.

"ಇದೇನಮ್ಮ?"

"ಚಪ್ಪಲಿ."

"ಯಾರಿಗೆ ಮಾಡಿದ್ದು?"

"ನನಗೆ."

"ಯಾತಕ್ಕೆ?"

ಅಕ್ಕ ತಮ್ಮನ ಕಡೆ ನೋಡಲಿಲ್ಲ. "ನಡೆಯೋಕೆ" ಎಂದಳು.

ಇನ್‌ಸ್ಪೆಕ್ಟರು ಕಟ್ಟಿದ್ದ ಬಟ್ಟೆಯನ್ನು ನೋಡಿದರು. ದಪ್ಪ ಅಟ್ಟೆಯನ್ನು ನೋಡಿದರು. ಗೋಡೆಯ ಮೇಲಿನ ಕಪ್ಪು ಹೆಜ್ಜೆಗಳನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು. ಆಮೇಲೆ ಬರೆದುಕೊಂಡರು: 'ಸಾಧಾರಣ ಪಾದರಕ್ಷೆ ಅಂಗಡಿ. ನಿಯಂತ್ರಣಕ್ಕೆ ಒಳಪಡುವುದಿಲ್ಲ.' ಹೊರಡುವಾಗ, "ಆ ಕಾಗದಗಳನ್ನ ಒಳಗೆಲ್ಲಾದ್ರೂ ಇಟ್ಕೊಳ್ಳಿ. ನನ್ನ ನಂತರ ಬರೋರು ಕೇಳಬಹುದು" ಎಂದಷ್ಟೇ ಹೇಳಿದರು.

ಅಕ್ಕನ ಗಾಯ ಮುಚ್ಚಲು ಏಳು ವಾರ ಹಿಡಿಯಿತು. ಪಾದ ಉಳಿಯಿತು. ಆಕೆ ಈಗ ಪ್ರಾಧಿಕಾರಕ್ಕೆ ದೂರು ಬರೆಯುತ್ತಿದ್ದಾಳೆ, ಇಪ್ಪತ್ತಾರು ಪುಟ ಆಗಿದೆ, ಅನುಬಂಧ ಬೇರೆ. ಉತ್ತರ ಬಂದೇ ಬರುತ್ತದೆಂದು ಆಕೆಯ ನಂಬಿಕೆ.

ಅಂಗಾಲಪ್ಪನಿಗೆ ಮಾತ್ರ ಅಂಗಡಿಯಲ್ಲಿ ಕೂರಲು ಆಗುವುದಿಲ್ಲ. ಹಳೆಯ ಗಿರಾಕಿಗಳು ಬರುತ್ತಾರೆ; ಹೊಸಬರು ಒಬ್ಬರೂ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಾನೆ. ಯಾವ ಬಸ್ಸನ್ನೂ ಹತ್ತುವುದಿಲ್ಲ. ಮೊನ್ನೆ ಆಸ್ಪತ್ರೆಯಿಂದ ಒಬ್ಬ ಹೊರಗೆ ಬಂದ, ನಲವತ್ತೈದರ ಗಟ್ಟಿಮುಟ್ಟಾದ ಆಳು, ಹೊಚ್ಚ ಹೊಸ ಸರ್ಕಾರಿ ಜೋಡಿ, ದೊಡ್ಡದು. ಎಡಗಾಲು ಒಳಗೆ ಜಾರುತ್ತಿತ್ತು; ಪ್ರತಿ ಹೆಜ್ಜೆಗೂ ಹಿಮ್ಮಡಿ ಅಂಚಿಗೆ ಉಜ್ಜುತ್ತಿತ್ತು. ಆತನ ಮುಖದಲ್ಲಿ ನೋವಿರಲಿಲ್ಲ. ಅದನ್ನು ಕಂಡೇ ಅಂಗಾಲಪ್ಪ ಆತನತ್ತ ಧಾವಿಸಿದ. ಪಕ್ಕದಲ್ಲಿ ಹೆಜ್ಜೆ ಹಾಕಿದ.

"ಸ್ವಾಮಿ, ನಾನು ಚಪ್ಪಲಿ ಹೊಲಿಯೋನು. ಇಲ್ಲೇ, ಕ್ಷೌರದಂಗಡಿ ಪಕ್ಕ."

"ಸರಿ, ಅದಕ್ಕೇನೀಗ?"

"ನಿಮ್ಮ ಚಪ್ಪಲಿ..." ಅಂಗಾಲಪ್ಪ ಸುತ್ತ ನೋಡಿದ. ಯಾವ ಮಾತು ಹೇಳಿದರೆ ಉಪಕರಣ, ಯಾವ ಮಾತಿಗೆ ಚಪ್ಪಲಿ ಎಂದು ಮನಸ್ಸಿನಲ್ಲೇ ತೂಗಿದ. "ಸ್ವಲ್ಪ ಸಡಿಲ ಇದೆ ಅನ್ಸುತ್ತೆ."

"ಸಡಿಲಾನೇ ಹಾಯಾಗಿದೆ ಬಿಡಪ್ಪ. ಎಲ್ಲೂ ಒತ್ತಲ್ಲ, ಗೊತ್ತೇ ಆಗಲ್ಲ. ಸರ್ಕಾರದ್ದು, ಪುಕ್ಕಟೆ" ಎಂದ ಆತ, ಗಿರಾಕಿ ಹಿಡಿಯಲು ಬಂದವನೆಂದು ನಕ್ಕು.

"ಬರೀ ಸಾಧಾರಣ ಚಪ್ಪಲಿ ಬೇಕಾದ್ರೆ ಬನ್ನಿ. ನನಗೂ ಏನೂ ಕೊಡಬೇಡಿ. ಒಂದ್ಸಲ ಬನ್ನಿ, ಅಷ್ಟೇ."

ಬಸ್ಸು ಬಂತು. ಆತ ಹತ್ತಿದ. ಮೆಟ್ಟಿಲ ಮೇಲೆ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಆತನಿಗೆ ಅದೂ ತಿಳಿಯಲಿಲ್ಲ. ಅಂಗಾಲಪ್ಪ ಅದನ್ನೆತ್ತಿಕೊಂಡು, "ರೀ, ನಿಲ್ಸಿ, ನಿಲ್ಸಿ!" ಎಂದು ಕೂಗುತ್ತ ಬಸ್ಸಿನ ಹಿಂದೆ ಓಡತೊಡಗಿದ.